ವಾಚಾಮಗೋಚರವಾಗಿ

ವಾಚಾಮಗೋಚರವಾಗಿ: ಒಬ್ಬರು ಇನ್ನೊಬ್ಬರನ್ನು ಎಲ್ಲೆ ಮೀರಿ ಬೈದ ಬಗೆಯನ್ನು ಹೇಳಲು ಕನ್ನಡದಲ್ಲಿ ಬಳಕೆಯಲ್ಲಿರುವ ಕ್ರಿಯಾವಿಶೇಷಣ. ಬೈ, ನಿಂದಿಸು, ಜರೆ, ಉಗಿ ಮುಂತಾದ ಕ್ರಿಯಾಪದಗಳ ಜೊತೆಗೆ ಬರುತ್ತದೆ. ಯಾರಾದರೂ ಯಾರನ್ನಾದರೂ ‘ವಾಚಾಮಗೋಚರವಾಗಿ ಹೊಗಳಿದರು’ ಎಂದು ಇವತ್ತು ಬರೆದರೆ ಓದುಗರು ನಗುತ್ತಾರೆ. ಹಿಗ್ಗಾಮುಗ್ಗಾ, ಬಾಯಿಗೆ ಬಂದಂತೆ, ಹೀನಾಮಾನ, ಮುಖಮೂತಿ ನೋಡದೆ, ಏಕವಚನದಲ್ಲಿ, ಜಾತಿ ಹಿಡಿದು ಇವೆಲ್ಲ ಇದರ ಬಳಗ. ಮೈಸೂರು ನಗರ ಮತ್ತು ಅದರ ಸುತ್ತಿನ ಸೀಮೆಯ ಮಾತು, ಶಾಸನ, ಸಾಹಿತ್ಯ, ಕೋರ್ಟು ಕಚೇರಿಗಳ ಬಳಕೆಯನ್ನು ಹಿಡಿದು ಈ ಬಳಗವನ್ನು ಇಲ್ಲಿ ಪರಿಚಯಿಸಲಾಗಿದೆ. ಇವುಗಳಲ್ಲಿ ಹೆಚ್ಚಿನವು ಬೈದದ್ದು ಹೇಗೆ ಎಂದು ಹೇಳುತ್ತವೆಯೇ ಹೊರತು ಏನೆಂದು ಬೈದರು ಎಂಬುದನ್ನು ಬಾಯಿಬಿಡುವುದಿಲ್ಲ. ಬೈಗುಳವನ್ನು ವರದಿ ಮಾಡುವುದೆಂದರೆ ಕನ್ನಡದಲ್ಲಿ ಬಹುಪಾಲು ಅದಕ್ಕೆ ತೆರೆ ಎಳೆಯುವುದೇ ಆಗಿದೆ.

ಸಂಸ್ಕೃತದಲ್ಲಿ ‘ವಾಚ್’ ಎಂದರೆ ಮಾತು. ಅದರ ಷಷ್ಠೀ ಬಹುವಚನ ‘ವಾಚಾಮ್’, ಅಂದರೆ ಮಾತುಗಳ. ‘ಅಗೋಚರ’ ಎಂದರೆ ಎಟುಕದ್ದು. ಸಮಾಸ ಮಾಡಿದ್ದರೆ ‘ವಾಗಗೋಚರ’ ಎಂದಾಗುತ್ತಿತ್ತು. ವಿಭಕ್ತಿಯನ್ನು ಕಳಚದೆ ಎರಡು ಪದಗಳು ಹಾಗೆಯೇ ಅಂಟಿಕೊಂಡು, ಕೊನೆಗೆ ಕನ್ನಡದ ‘ಆಗಿ’ಯನ್ನು ತಗುಲಿಸಿಕೊಂಡಿವೆ. ಗೋಚರದ ಮೂಲ ಅರ್ಥ ದನಗಳು ಮೇಯುವ ಜಾಗ. ಹುಲ್ಲುಗಾವಲಿನಿಂದ ಆ ಪದ ಕಣ್ಣು ಕಿವಿಗಳು ಓಡಾಡುವ ವ್ಯಾಪ್ತಿಗೆ ಬಂತು, ಅಲ್ಲಿಂದ ‘ಕಾಣುವುದು’ ಎಂಬ ಈಗಿನ ಅರ್ಥಕ್ಕೆ ಬಂತು. ಒಟ್ಟಿನಲ್ಲಿ ವಾಚಾಮಗೋಚರ ಎಂದರೆ ಮಾತುಗಳು ಹೋಗಿ ಮೇಯಲಾರದಷ್ಟು ದೂರದ್ದು. ಇದನ್ನು ‘ವಾಚಾಮ, ಗೋಚರ’ ಎಂದು ಬಿಡಿಸಿ ಓದುವವರೂ ಇದ್ದಾರೆ. ಆಗ ನಡುವಿನ ‘ಅ’ ನುಂಗಿಹೋಗಿ ಅರ್ಥ ತಲೆಕೆಳಗಾಗುತ್ತದೆ.

ಈ ಮಾತಿನ ಹುಟ್ಟುಮನೆ ಬೈಗುಳವಲ್ಲ, ಬ್ರಹ್ಮ. ಮಾತು ಮತ್ತು ಮನಸ್ಸು ಎರಡೂ ತಲುಪಲಾರದೆ ಹಿಂದಿರುಗುವ ವಸ್ತುವನ್ನು ತೈತ್ತಿರೀಯ ಉಪನಿಷತ್ತು ಹೇಳುತ್ತದೆ. ವೇದಾಂತಿಗಳು ಬಳಸುವ ‘ಅವಾಙ್ಮನಸಗೋಚರ’ ಎಂಬ ವಿಶೇಷಣ ಅದೇ ಜಾಡಿನದು. ಪರತತ್ತ್ವಕ್ಕೆ ಸಲ್ಲುತ್ತಿದ್ದ ಇಂಥ ವಿಶೇಷಣ ಬೀದಿಜಗಳಕ್ಕೆ ಇಳಿದದ್ದು ಹೇಗೆ? ‘ಹೇಳಲಾಗದ್ದು’ ಎಂಬುದಕ್ಕೆ ಎರಡು ಅರ್ಥ ಸಾಧ್ಯ: ಹೇಳಲು ಶಕ್ತಿ ಸಾಲದ್ದು ಒಂದು, ಹೇಳಲು ನಾಚಿಕೆಯಾಗುವುದು ಇನ್ನೊಂದು. ದೇವರ ವಿಷಯದಲ್ಲಿ ಮೊದಲನೆಯದು, ಪಕ್ಕದ ಮನೆಯವರ ಬಾಯಿಯ ವಿಷಯದಲ್ಲಿ ಎರಡನೆಯದು. ಪೊಲೀಸ್ ದೂರುಗಳಲ್ಲಿ ತಪ್ಪದೆ ಕಾಣುವ ‘ಅವಾಚ್ಯ ಶಬ್ದಗಳಿಂದ ನಿಂದಿಸಿ’ ಎಂಬ ಒಕ್ಕಣೆಯೂ ಇದೇ ಇಬ್ಬಂದಿಯ ಮೇಲೆ ನಿಂತಿದೆ.

ಹಾಗೆ ನೋಡಿದರೆ ದೇವರಮನೆಯಿಂದ ಜಗಳಕ್ಕೆ ಬಂದ ಪದ ಇದೊಂದೇ ಅಲ್ಲ. ಮೈಸೂರಿನ ಯಾವ ಕಚೇರಿಯಲ್ಲಿ ಬೇಕಾದರೂ ಕಿವಿಗೊಡಿ: ತಡವಾಗಿ ಬಂದ ಗುಮಾಸ್ತರಿಗೆ ಸಾಹೇಬರಿಂದ ‘ಮಂಗಳಾರತಿ’ ಆಗಿರುತ್ತದೆ, ‘ಸಹಸ್ರನಾಮ’ ಆಗಿರುತ್ತದೆ, ಬರೀ ‘ಅಷ್ಟೋತ್ತರ’ಕ್ಕೇ ಬಿಟ್ಟರೆ ಅದು ಅವರ ಪುಣ್ಯ. ಪೂಜೆಯ ಮಾತಿನಲ್ಲಿ ಬೈಗುಳ ಹೇಳುವುದು ಇಲ್ಲಿಯ ಚಾಳಿ. ಬೈಗುಳದ ಮಾತಿನಲ್ಲಿ ಪೂಜೆ ಮಾಡುವುದಕ್ಕೂ ದಾರಿಯಿದೆ. ದಾಸರ ಪದಗಳಲ್ಲಿ ಬರುವ ನಿಂದಾಸ್ತುತಿ ಅದು. ಪುರಂದರದಾಸರ ‘ನಿಂದಕರಿರಬೇಕು’ ಕೀರ್ತನೆಯಂತೂ ನಿಂದಕರನ್ನು ಕೇರಿ ಶುಚಿ ಮಾಡುವ ಹಂದಿಗೆ ಹೋಲಿಸಿ ಅವರ ಉಪಕಾರ ನೆನೆಯುತ್ತದೆ. ನಿಂದಕರನ್ನು ಹಂದಿ ಎನ್ನುವುದಕ್ಕೆ ಇದಕ್ಕಿಂತ ಸಭ್ಯ ದಾರಿ ಸಿಗಲಾರದು.

ಇನ್ನು ‘ಬೈ’ ಎಂಬ ಧಾತು ಅಚ್ಚ ದ್ರಾವಿಡ. ಹಳಗನ್ನಡದಲ್ಲಿ ‘ಬಯ್’, ತಮಿಳಿನಲ್ಲಿ ‘ವೈ’. ತಮಿಳಿನ ‘ವಾ’ ಕನ್ನಡದಲ್ಲಿ ‘ಬಾ’ ಆಗುವ ನಿಯಮವೇ ಇಲ್ಲಿಯದೂ. ‘ಉಗಿ’ ಎಂದರೆ ಮೂಲತಃ ಎಂಜಲು ಉಗುಳು. ಈಗ ಬಾಯಲ್ಲಿ ಎಂಜಲಿಲ್ಲದೆಯೂ ಉಗಿಯಬಹುದು. ಹಿಗ್ಗಾಮುಗ್ಗಾ ಎಂಬುದು ಎಳೆದಾಟ ಹೊಡೆದಾಟಗಳಿಗೂ ಸಲ್ಲುವ ಮಾತು, ಕಳ್ಳ ಸಿಕ್ಕಿದರೆ ಜನ ಅವನನ್ನು ಥಳಿಸುವುದೂ ಹಿಗ್ಗಾಮುಗ್ಗಾ. ಕ್ರಿಯಾವಿಶೇಷಣಗಳಲ್ಲಿ ಅತ್ಯಂತ ಕುತೂಹಲದವು ಮಾತ್ರ ಈ ಯಾವುವೂ ಅಲ್ಲ. ಅವು ‘ಚೆನ್ನಾಗಿ’ ಮತ್ತು ‘ಸರಿಯಾಗಿ’. ‘ಚೆನ್ನಾಗಿ ಬೈದರು’, ‘ಸರಿಯಾಗಿ ಉಗಿದರು’ ಎನ್ನುವಾಗ ಬೈದ ಪ್ರಮಾಣದ ಜೊತೆಗೆ ಹೇಳುವವರ ತೃಪ್ತಿಯೂ ಸೇರಿಕೊಂಡಿರುತ್ತದೆ. ವಾಚಾಮಗೋಚರದಲ್ಲಿ ಆ ತೃಪ್ತಿಯಿಲ್ಲ. ಅಲ್ಲಿರುವುದು ಕೇಳಿಸಿಕೊಂಡವರ ಮುಜುಗರ.

ಇಂಗ್ಲಿಷಿನಲ್ಲಿ ಈ ಅರ್ಥದ ಕ್ರಿಯಾವಿಶೇಷಣಗಳು ಬೇರೆ ಜಾಡಿನವು. ‘ವಿಟ್ಯೂಪರೇಟಿವ್‌ಲಿ’ ಲ್ಯಾಟಿನ್ನಿನಲ್ಲಿ ದೋಷ ಎಂಬರ್ಥದ ಪದದಿಂದ ಬಂದದ್ದು. ‘ಸಾರ್ಕ್ಯಾಸ್ಟಿಕಲಿ’ ಗ್ರೀಕಿನಲ್ಲಿ ಮಾಂಸ ಹರಿಯುವ ಕ್ರಿಯೆಯಿಂದ ಬಂದರೆ, ‘ಕಾಸ್ಟಿಕಲಿ’ ಸುಡುವುದರಿಂದ, ‘ಸ್ಕೇದಿಂಗ್‌ಲಿ’ ಹಾನಿ ಎಂಬರ್ಥದ ಹಳೆಯ ನಾರ್ಸ್ ಪದದಿಂದ ಬಂದಿವೆ. ಅಲ್ಲಿಯ ಪದಗಳ ಕಣ್ಣು ಬೈಸಿಕೊಂಡವರ ಮೈಮೇಲೆ, ಕನ್ನಡದ ಪದದ ಕಣ್ಣು ಬೈದವರ ಬಾಯಿಯ ಮೇಲೆ. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್ ಕನ್ನಡ ನಿಘಂಟು 1946ರಲ್ಲಿ ಬಂದಾಗಿನಿಂದ ಇಂಥ ಪದಗಳ ಅನುವಾದ ಈ ಊರಿನ ಪಂಡಿತರ ಕಸುಬುಗಳಲ್ಲಿ ಒಂದು. 1969ರಲ್ಲಿ ಇಲ್ಲೇ ಭಾರತೀಯ ಭಾಷಾ ಸಂಸ್ಥಾನವೂ ಸ್ಥಾಪನೆಯಾಯಿತು. ಆದರೆ ಶಾಸನ ಕಾವ್ಯಗಳ ಪ್ರಯೋಗವನ್ನು ಮುಂದಿಟ್ಟುಕೊಂಡು ಕಟ್ಟಿದ ಕನ್ನಡ ನಿಘಂಟುಗಳಲ್ಲಿ ಪಂಪನ ಕಾಲದ ನಿಂದೆ ಸಿಕ್ಕುವಷ್ಟು ಸುಲಭವಾಗಿ ದೇವರಾಜ ಮಾರುಕಟ್ಟೆಯ ನಿಂದೆ ಸಿಕ್ಕುವುದಿಲ್ಲ. ಬೈಗುಳಕ್ಕೆಂದೇ ಮೀಸಲಾದ ವಿದ್ವತ್ ಪತ್ರಿಕೆ ಜಗತ್ತಿನಲ್ಲಿ ಇಲ್ಲದಿರಲಿಲ್ಲ; ರೈನ್‌ಹೋಲ್ಡ್ ಆಮನ್ ಎಂಬ ವಿದ್ವಾಂಸರು 1977ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಿಂದ ‘ಮಾಲಡಿಕ್ಟಾ’ ಹೊರಡಿಸತೊಡಗಿದರು.

ಏಕವಚನದಲ್ಲಿ. ಈ ಬಳಗದಲ್ಲಿ ವ್ಯಾಕರಣದಿಂದಲೇ ಹುಟ್ಟಿದ ಸದಸ್ಯ ಇದು. ‘ಏಕವಚನದಲ್ಲಿ ವಾಗ್ದಾಳಿ’ ಎಂಬ ತಲೆಬರಹ ಕಂಡರೆ ಓದುಗರಿಗೆ ಬೇರೆ ವಿವರ ಬೇಕಾಗುವುದಿಲ್ಲ. ಒಂದೇ ಒಂದು ಕೆಟ್ಟ ಪದ ಬಳಸದೆ, ಬರೀ ಪ್ರತ್ಯಯ ಬದಲಿಸಿ ಅವಮಾನ ಮಾಡಬಲ್ಲ ಭಾಷೆ ಕನ್ನಡ. ಮೈಸೂರಿನ ಹಳೆಯ ಅಗ್ರಹಾರಗಳ ಜಗಳದಲ್ಲಿ ಇದರ ಮೆಟ್ಟಿಲುಗಳನ್ನು ಎಣಿಸಬಹುದು. ಗೇಟಿನ ಮುಂದೆ ಸ್ಕೂಟರ್ ನಿಲ್ಲಿಸಿದ ವಿಷಯಕ್ಕೆ ಶುರುವಾದದ್ದು ಎಂದಿಟ್ಟುಕೊಳ್ಳಿ. ಮೊದಲು ‘ಸ್ವಲ್ಪ ತೆಗೀತೀರಾ ಸಾರ್’. ಆಮೇಲೆ ‘ಏನ್ರೀ, ಮಾನ ಮರ್ಯಾದೆ ಇದೆಯೇನ್ರೀ ನಿಮಗೆ?’ ಇಲ್ಲಿಗೆ ಬೈಗುಳ ಬಂದಾಯಿತು, ಬಹುವಚನ ಇನ್ನೂ ಹೋಗಿಲ್ಲ. ‘ಹೋಗ್ರೀ’ ಎಂಬುದು ‘ಹೋಗಯ್ಯ’ ಆದಾಗ ಪಕ್ಕದ ಮನೆಯ ಕಿಟಕಿ ತೆರೆಯುತ್ತದೆ. ‘ಹೋಗೋ’ ಎಂದ ಕ್ಷಣಕ್ಕೆ ಎದುರಾಳಿ ತೋಳು ಮಡಚಿ ‘ಯಾರಿಗೋ ಏಕವಚನ? ಮರ್ಯಾದೆ ಕೊಟ್ಟು ಮಾತಾಡು’ ಎನ್ನುತ್ತಾರೆ. ಮರ್ಯಾದೆ ಕೇಳಿದ ಆ ವಾಕ್ಯವೂ ಏಕವಚನದಲ್ಲೇ ಇರುವುದನ್ನು ಆ ಹೊತ್ತಿನಲ್ಲಿ ಇಬ್ಬರೂ ಗಮನಿಸುವುದಿಲ್ಲ. ಮರುದಿನ ನೋಡಿದವರು ಹೇಳುವುದು ಇಷ್ಟೇ: ಏಕವಚನಕ್ಕೆ ಇಳಿದುಬಿಟ್ಟರು ಕಣ್ರೀ.

‘ಇಳಿ’ ಎಂಬ ಕ್ರಿಯಾಪದಕ್ಕೆ ಹಿನ್ನೆಲೆ ಇದೆ. ಗೌರವದ ಕರೆಯಲ್ಲಿ ಸ್ವರ್ಗವನ್ನೂ ತುಚ್ಛವಾದ ಕರೆಯಲ್ಲಿ ನರಕವನ್ನೂ ಕಂಡವರು ಬಸವಣ್ಣನವರು. ಆದರೆ ಮೆಟ್ಟಿಲು ಎಲ್ಲ ಊರಿಗೂ ಒಂದೇ ಎತ್ತರದಲ್ಲಿಲ್ಲ. ನಂಜನಗೂಡು, ತಿ. ನರಸೀಪುರ, ಮಂಡ್ಯ ಕಡೆಯ ಹಳ್ಳಿಗಳಲ್ಲಿ ‘ಬಾರ್ಲಾ’, ‘ಕಣ್ಲಾ’, ‘ಬಾಮ್ಮಿ’ ಎಂಬವು ದಿನದ ಸಲಿಗೆಯ ಮಾತು. ಅದೇ ‘ಲಾ’ ಮೈಸೂರಿನ ಬಡಾವಣೆಯೊಂದರಲ್ಲಿ ಅಪರಿಚಿತರ ಬಾಯಿಂದ ಬಂದರೆ ಜಗಳಕ್ಕೆ ಅಷ್ಟು ಸಾಕು. ಉತ್ತರ ಕರ್ನಾಟಕದ ‘ಲೇ’ಗೆ ಮೈಸೂರಿಗರು ಬೆಚ್ಚುವುದೂ, ಮೈಸೂರಿಗರ ನಯವಾದ ‘ರೀ’ಯಲ್ಲಿ ಅಲ್ಲಿಯವರಿಗೆ ದೂರ ತಳ್ಳಿದಂತೆ ಕೇಳಿಸುವುದೂ ಈ ಕಾರಣಕ್ಕೇ.

ತೆರೆಯ ಹಿಂದಿನ ಪದಗಳಲ್ಲಿ ಹಲವಕ್ಕೆ ಚರಿತ್ರೆಯಿದೆ. ಬೇವರ್ಸಿ ಎಂಬುದು ‘ವಾರಸುದಾರರಿಲ್ಲದ’ ಎಂಬರ್ಥದ ಆಡಳಿತದ ಪದ. ಫಾರ್ಸಿಯ ‘ಬೇ’ಗೆ ಅರಬ್ಬಿಯ ‘ವಾರಿಸ್’ ಸೇರಿ ಆದದ್ದು. ನಾಲಾಯಕ್ ಎಂದರೆ ಯೋಗ್ಯತೆಯಿಲ್ಲದ್ದು, ಬದ್ಮಾಷ್ ಎಂದರೆ ಕೆಟ್ಟ ಜೀವನೋಪಾಯದವನು. ದಫ್ತರಿನಿಂದ ಬಂದ ಇಂಥವು ಇಂದು ಅರ್ಧ ಹಲ್ಲು ಕಳೆದುಕೊಂಡಿವೆ. ಹಾಗಲ್ಲದ್ದು ‘ಮುಂಡೆ’. ಬೋಳಿಸಿದ ತಲೆ ಎಂಬರ್ಥದ ‘ಮುಂಡ’ದಿಂದ ಬಂದ ಆ ಪದ, ಗಂಡ ಸತ್ತ ಹೆಂಗಸಿನ ತಲೆಗೂದಲು ತೆಗೆಸುತ್ತಿದ್ದ ಪದ್ಧತಿಯನ್ನು ಹೊತ್ತುಕೊಂಡೇ ಓಡಾಡುತ್ತದೆ. ‘ಮುಂಡೇಮಗ’ ಎಂದು ಬೈಸಿಕೊಳ್ಳುವುದು ಗಂಡಸು, ಏಟು ಬೀಳುವುದು ಅವನ ತಾಯಿಗೆ. ಕನ್ನಡದ ಕಟು ಬೈಗುಳಗಳಲ್ಲಿ ದೊಡ್ಡ ಪಾಲು ಹೀಗೆ ಅಲ್ಲಿಲ್ಲದ ಹೆಂಗಸೊಬ್ಬಳನ್ನು ಹುಡುಕಿಕೊಂಡು ಹೋಗುತ್ತದೆ. ಉಳಿದುದರಲ್ಲಿ ಜಾತಿಯ ಪಾಲು ಹೆಚ್ಚು. ಆದರೂ ಅಜ್ಜಿ ತುಂಟ ಮೊಮ್ಮಗನನ್ನು ‘ಮುಂಡೇದೇ’ ಎಂದು ಕರೆದು ಬಾಯಿಗೆ ತುತ್ತಿಡುವುದೂ ಇದೇ ಊರಿನಲ್ಲಿ. ಪತ್ರಿಕೆಗಳು ಇಂಥ ಪದದ ಮೊದಲ ಅಕ್ಷರ ಕೊಟ್ಟು ಚುಕ್ಕಿಗಳನ್ನಿಡುತ್ತವೆ, ಟಿ.ವಿ. ‘ಬೀಪ್’ ಹಾಕುತ್ತದೆ, ವಿಧಾನಸಭೆ ‘ಕಡತದಿಂದ ತೆಗೆಯಲಾಗಿದೆ’ ಎನ್ನುತ್ತದೆ. ಎಲ್ಲವೂ ವಾಚಾಮಗೋಚರದ ಯಂತ್ರಯುಗದ ರೂಪಗಳು.

ಶಾಪದಲ್ಲಿ ತೆರೆಯಿಲ್ಲ. ಶಾಪ ಕೆಲಸ ಮಾಡಬೇಕಾದರೆ ಮಾತು ಪೂರ್ತಿಯಾಗಿ, ಸ್ಪಷ್ಟವಾಗಿ ಕೇಳಿಸಬೇಕು. ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದಾದ, ಕ್ರಿ.ಶ. ಸುಮಾರು 450ರ ಹಲ್ಮಿಡಿ ಶಾಸನದಲ್ಲೇ ದತ್ತಿಯನ್ನು ಅಳಿಸಿದವರಿಗೆ ಮಹಾಪಾತಕವೆಂಬ ಎಚ್ಚರಿಕೆ ಇದೆ. ಅದನ್ನು 1936ರಲ್ಲಿ ಬೆಳಕಿಗೆ ತಂದವರು ಮೈಸೂರು ಪುರಾತತ್ತ್ವ ಇಲಾಖೆಯ ಎಂ.ಎಚ್. ಕೃಷ್ಣ, ಮೂಲ ಕಲ್ಲು ಈಗಲೂ ಮೈಸೂರಿನಲ್ಲಿದೆ. ನಂತರದ ಶಾಸನಗಳು ಈ ಭಾಗವನ್ನು ಬೆಳೆಸಿದವು: ದಾನ ಕಿತ್ತುಕೊಂಡವನು ವಾರಣಾಸಿಯಲ್ಲಿ ಸಾವಿರ ಕಪಿಲೆ ಹಸು ಕೊಂದ ಪಾಪಕ್ಕೆ ಹೋಗುತ್ತಾನೆ, 60,000 ವರ್ಷ ಅಮೇಧ್ಯದ ಹುಳುವಾಗಿ ಹುಟ್ಟುತ್ತಾನೆ. ಕಂಡರಿಯದ, ಇನ್ನೂ ಹುಟ್ಟದ ಎದುರಾಳಿಯನ್ನು ಲಿಖಿತವಾಗಿ ಹೀಗೆ ಮುಂಗಡ ಬೈದಿಟ್ಟ ಸಾಹಿತ್ಯ ಸಾವಿರಾರು ಕಲ್ಲುಗಳ ಮೇಲಿದೆ.

ಮೈಸೂರಿನ ಜನ ಮರೆಯದ ಶಾಪ ಅಲಮೇಲಮ್ಮನದು. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣವನ್ನು ವಿಜಯನಗರದ ಪ್ರತಿನಿಧಿ ತಿರುಮಲರಾಯನಿಂದ ಪಡೆದುಕೊಂಡರು. ಅವನ ಮಡದಿ ಅಲಮೇಲಮ್ಮ, ಒಡವೆಗಾಗಿ ಬಂದ ರಾಜಭಟರಿಂದ ತಪ್ಪಿಸಿಕೊಂಡು ಮಾಲಂಗಿಯ ಮಡುವಿಗೆ ಹಾರುವ ಮೊದಲು ಶಪಿಸಿದಳೆಂಬುದು ಐತಿಹ್ಯ. ತಲಕಾಡಿಗೆ ಮರಳು, ಮಾಲಂಗಿಗೆ ಮಡು, ಮೈಸೂರು ದೊರೆಗಳಿಗೆ ಸಂತಾನಹೀನತೆ, ಇಷ್ಟೇ ಶಾಪ. ಅದರಲ್ಲಿ ಒಂದೂ ಕೆಟ್ಟ ಮಾತಿಲ್ಲ ಎಂಬುದನ್ನು ಗಮನಿಸಬೇಕು. ಜೋರು ದನಿಯಿಲ್ಲ, ಏಕವಚನವೂ ಇಲ್ಲ. ಆಶೀರ್ವಾದಕ್ಕೆ ಬಳಸುವ ‘ಆಗಲಿ’ ರೂಪದಲ್ಲೇ ಕೆಲಸ ಮುಗಿದಿದೆ. ಅರಮನೆಯಲ್ಲಿ ನವರಾತ್ರಿಯ ಹೊತ್ತಿಗೆ ಅಲಮೇಲಮ್ಮನ ಮೂರ್ತಿಗೆ ಪೂಜೆ ಸಲ್ಲುತ್ತ ಬಂದಿದೆ. 2017ರ ಡಿಸೆಂಬರಿನಲ್ಲಿ ರಾಜಮನೆತನದಲ್ಲಿ ಗಂಡುಮಗು ಹುಟ್ಟಿದಾಗ ಪತ್ರಿಕೆಗಳು ನಾಲ್ಕು ಶತಮಾನದ ಹಿಂದಿನ ಆ ವಾಕ್ಯವನ್ನು ಮತ್ತೆ ಅಚ್ಚು ಹಾಕಿದವು.

ಬಡವರ ಮನೆಯ ಶಾಪಕ್ಕೆ ಮಾತಿನ ಜೊತೆ ಮೈಯೂ ಸೇರುತ್ತದೆ. ಹಿಡಿ ಮಣ್ಣೆತ್ತಿ ತೂರುವುದು, ಎರಡೂ ಕೈಯ ಬೆರಳನ್ನು ಕಿವಿಯ ಪಕ್ಕಕ್ಕೆ ಒತ್ತಿ ನೆಟಿಗೆ ಮುರಿಯುವುದು, ‘ನಿನ್ನ ಮನೆ ಹಾಳಾಗ’ ಎನ್ನುವುದು. ‘ಹಾಳಾಗಲಿ’ ಎಂಬುದರ ಈ ಮೊಟಕು ರೂಪ ಬರಹದಲ್ಲಿ ಅಪರೂಪ, ಬೈಗುಳದಲ್ಲಿ ಗಟ್ಟಿಯಾಗಿ ಉಳಿದಿದೆ. ಮಗುವಿನ ದೃಷ್ಟಿ ತೆಗೆಯುವಾಗಲೂ ಅದೇ ಬೆರಳು, ಅದೇ ನೆಟಿಗೆ. ಮೈಸೂರಿನಲ್ಲಿ ನೆಲೆಸಿರುವ, ನಂಜನಗೂಡು ಸೀಮೆಯ ದೇವನೂರ ಮಹಾದೇವ ಅವರ ‘ಒಡಲಾಳ’ದಲ್ಲಿ ಸಾಕವ್ವ ಕಳೆದುಹೋದ ಹುಂಜಕ್ಕಾಗಿ ಪಡುವ ಪಾಡಿನಲ್ಲಿ ಈ ಮಾತಿನ ಲಯ ಅಚ್ಚಿಗೆ ಬಂತು. ಅಲ್ಲಿ ಲೇಖಕರು ‘ವಾಚಾಮಗೋಚರವಾಗಿ’ ಎಂದು ಪಕ್ಕಕ್ಕೆ ಸರಿಯದೆ ಅವಳ ಬಾಯಿಗೇ ಜಾಗ ಬಿಟ್ಟರು. ಆಧುನಿಕ ಕನ್ನಡ ಗದ್ಯದಲ್ಲಿ ಆದ ದೊಡ್ಡ ಬದಲಾವಣೆಗಳಲ್ಲಿ ಇದನ್ನೂ ಎಣಿಸಬೇಕು.

ಹಳಗನ್ನಡ ಕಾವ್ಯದಲ್ಲಿ ಎದುರಾಳಿಯನ್ನು ಮಾತಿನಿಂದ ಹಂಗಿಸುವುದಕ್ಕೆ ‘ಮೂದಲೆ’ ಎಂದು ಹೆಸರು. ರನ್ನನ ಗದಾಯುದ್ಧದಲ್ಲಿ ವೈಶಂಪಾಯನ ಸರೋವರದ ತಳದಲ್ಲಿ ಅಡಗಿದ ದುರ್ಯೋಧನ ದಡದ ಮೇಲಿನ ಭೀಮನ ಗರ್ಜನೆ ಕೇಳಿ ನೀರೊಳಗಿದ್ದೂ ಬೆವರುತ್ತಾನೆ. ‘ಬೆವರಿಳಿಸಿದರು’ ಎಂದು ಇಂದು ಪತ್ರಿಕೆಗಳು ಬರೆಯುವುದಕ್ಕೂ ರನ್ನನಿಗೂ ನಂಟಿದೆ ಎನ್ನಲು ಆಧಾರವಿಲ್ಲ, ಆದರೆ ಆ ನುಡಿಗಟ್ಟಿಗೆ ಇದಕ್ಕಿಂತ ಒಳ್ಳೆಯ ಚಿತ್ರ ಸಿಕ್ಕುವುದು ಕಷ್ಟ. ಪಂಪಭಾರತದ ಪ್ರಸಂಗ ಇನ್ನೂ ಹರಿತ. ಭೀಷ್ಮನಿಗೆ ಸೇನಾಪತಿಯ ಪಟ್ಟ ಕಟ್ಟುವಾಗ ಕರ್ಣ ಮುದುಕನೆಂದು ಹಂಗಿಸುತ್ತಾನೆ. ದ್ರೋಣ, ಅವನ ನಾಲಗೆಯೇ ಅವನ ಕುಲವನ್ನು ಹೊರಹಾಕಿತು ಎನ್ನುತ್ತಾನೆ. ಕರ್ಣ ಕುಲವೆಂದರೆ ಹುಟ್ಟಲ್ಲ, ಛಲ ಗುಣ ಅಭಿಮಾನಗಳೇ ಎಂದು ತಿರುಗಿ ಹೊಡೆಯುತ್ತಾನೆ. 10ನೆಯ ಶತಮಾನದ ಈ ಮಾತಿನ ಚಕಮಕಿಯಲ್ಲಿ ‘ಜಾತಿ ಹಿಡಿದು’ ಬೈಯುವುದೂ ಇದೆ, ಅದಕ್ಕೆ ಕೊಡಬೇಕಾದ ಉತ್ತರವೂ ಇದೆ.

ಬೈಗುಳಕ್ಕೆ ವರ್ಷಕ್ಕೊಮ್ಮೆ ಬಹಿರಂಗ ಪರವಾನಗಿ ಸಿಗುವ ಜಾಗವೂ ಮೈಸೂರಿಗೆ ದೂರವಲ್ಲ. ಹುಣಸೂರು ದಾಟಿ ಗೋಣಿಕೊಪ್ಪದ ಕಡೆ ಹೋದರೆ ತಿತಿಮತಿ ಬಳಿಯ ದೇವರಪುರ. ಮೇ ತಿಂಗಳ ಕೊನೆಯ ಹೊತ್ತಿಗೆ ಅಲ್ಲಿ ನಡೆಯುವ ಕುಂಡೆ ಹಬ್ಬದಲ್ಲಿ ಜೇನುಕುರುಬರೇ ಮೊದಲಾದ ಗಿರಿಜನರು ವೇಷ ಹಾಕಿ, ಡಬ್ಬ ಬುರುಡೆ ಬಡಿಯುತ್ತ, ದಾರಿಹೋಕರನ್ನೂ ದೇವರನ್ನೂ ಬೈದು ಕಾಸು ಕೇಳುತ್ತಾರೆ. ಬೇಟೆಗೆ ಕರೆತಂದ ಅಯ್ಯಪ್ಪ ಭದ್ರಕಾಳಿಯ ಮೋಹಕ್ಕೆ ಬಿದ್ದು ತಮ್ಮನ್ನು ಕಾಡಿನಲ್ಲೇ ಬಿಟ್ಟುಹೋದ ಎಂಬುದು ಅವರ ದೂರು. ಅಂದು ಬೈಸಿಕೊಂಡ ಸಾಹುಕಾರರು ಮರುಮಾತಾಡುವಂತಿಲ್ಲ.

ಬೂಸಾ. ಮೈಸೂರು ನಗರದಲ್ಲಿ ಆಡಿದ ಒಂದು ಪದ ಇಡೀ ರಾಜ್ಯವನ್ನು ಕದಡಿದ್ದು 1973ರ ನವೆಂಬರಿನಲ್ಲಿ. ದೇವರಾಜ ಅರಸು ಸಂಪುಟದ ದಲಿತ ಸಚಿವ ಬಿ. ಬಸವಲಿಂಗಪ್ಪ ಇಲ್ಲಿಯ ಸಭೆಯೊಂದರಲ್ಲಿ ಮಾತಾಡುತ್ತ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದರು. ಬೂಸಾ ಹಿಂದೂಸ್ತಾನಿಯಿಂದ ಬಂದ ಪದ, ಹೊಟ್ಟು ತೌಡು ಎಂಬರ್ಥದ್ದು. ಹಿಂಡಿ ಅಂಗಡಿಯ ಮುಂದೆ ಮೂಟೆಯಲ್ಲಿರುವ ದನದ ಮೇವು. ಹಸು ಕಟ್ಟಿದವರನ್ನು ಕೇಳಿದ್ದರೆ ಬೂಸಾ ಹಾಕದೆ ಹಾಲು ಬರುವುದಿಲ್ಲ ಎನ್ನುತ್ತಿದ್ದರು. ವಿದ್ಯಾರ್ಥಿಗಳ ಪ್ರತಿಭಟನೆ ಊರೂರಿಗೆ ಹಬ್ಬಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಬಸವಲಿಂಗಪ್ಪ ರಾಜೀನಾಮೆ ಕೊಡಬೇಕಾಯಿತು. ಆ ಗಲಾಟೆಯ ಬಿಸಿಯಲ್ಲಿ ದಲಿತ ಬರಹಗಾರರೂ ಕಾರ್ಯಕರ್ತರೂ ಒಟ್ಟುಗೂಡಿದರು. 1970ರ ದಶಕದ ದಲಿತ ಚಳವಳಿ ಮತ್ತು ಬಂಡಾಯ ಸಾಹಿತ್ಯದ ಚರಿತ್ರೆ ಬರೆಯುವವರೆಲ್ಲ ಈ ಪ್ರಸಂಗವನ್ನು ಮುಟ್ಟಿಯೇ ಮುಂದೆ ಹೋಗುತ್ತಾರೆ. ಅಂದಿನ ವರದಿ ‘ಸಚಿವರು ಕನ್ನಡ ಸಾಹಿತ್ಯವನ್ನು ಕಟುವಾಗಿ ಟೀಕಿಸಿದರು’ ಎಂಬಲ್ಲಿಗೆ ನಿಂತಿದ್ದರೆ ಇಷ್ಟಾಗುತ್ತಿರಲಿಲ್ಲ. ಕ್ರಿಯಾವಿಶೇಷಣದ ತೆರೆ ಇಲ್ಲದೆ ಪದವೇ ಹೊರಬಂತು. ಅದು ಬೈಗುಳವೋ ವಿಮರ್ಶೆಯೋ ಎಂಬ ವಾದ ಮುಗಿದಿಲ್ಲ. ಆಡಿದವರು ಯಾರು ಎಂಬುದನ್ನು ಬದಿಗಿಟ್ಟು ಅದನ್ನು ಅಳೆಯಲಾಗದು. ಅದೇ ಮಾತನ್ನು ಮೇಲ್ಜಾತಿಯ ವಿಮರ್ಶಕರೊಬ್ಬರು ಆಡಿದ್ದರೆ ಒಂದು ವಿಚಾರಸಂಕಿರಣ ಆಗುತ್ತಿತ್ತು, ಅಷ್ಟೆ.

ಕಾನೂನಿನಲ್ಲಿ ಈ ತೆರೆಯ ಪ್ರಶ್ನೆ ನೇರವಾಗಿ ಎದುರಾಗುತ್ತದೆ. ಮೈಸೂರು ಸಂಸ್ಥಾನದಲ್ಲಿ ದಿವಾನ್ ವಿ.ಪಿ. ಮಾಧವರಾವ್ ಅವರ ಕಾಲದಲ್ಲಿ, 1908ರಲ್ಲಿ, ಬಂದ ಪತ್ರಿಕಾ ನಿಯಂತ್ರಣ ಕಾಯಿದೆ ಸರ್ಕಾರದ ಮೇಲಿನ ಕಟು ಮಾತನ್ನು ಅಂಕೆಯಲ್ಲಿಡಲು ಹೊರಟದ್ದು. ಈಗ ವ್ಯಕ್ತಿಗಳ ನಡುವಿನ ನಿಂದೆಗೆ ಭಾರತೀಯ ನ್ಯಾಯ ಸಂಹಿತೆ ಇದೆ. ಶಾಂತಿಭಂಗಕ್ಕೆ ಪ್ರಚೋದಿಸುವ ಉದ್ದೇಶಪೂರ್ವಕ ಅವಮಾನ ಹಳೆಯ ದಂಡಸಂಹಿತೆಯಲ್ಲಿ 504ನೆಯ ಕಲಮು; 2024ರ ಜುಲೈ 1ರಿಂದ 352. ಸಾರ್ವಜನಿಕ ಸ್ಥಳದ ಅಶ್ಲೀಲ ಮಾತಿಗಿದ್ದ 294 ಈಗ 296. ಅವಮಾನದ ಕಲಮಿನ ವಿಷಯದಲ್ಲಿ, ಬೈದ ಮಾತನ್ನು ಅಕ್ಷರಶಃ ದೂರಿನಲ್ಲಿ ಬರೆಯಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು. ‘ಅವಾಚ್ಯ ಶಬ್ದಗಳಿಂದ’ ಎಂಬ ಒಕ್ಕಣೆಗೆ ಅಷ್ಟರಮಟ್ಟಿಗೆ ಉಸಿರಾಡಲು ಜಾಗವಿದೆ. 1989ರ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯಿದೆಯ ದಾರಿ ಬೇರೆ. 2016ರ ಜನವರಿಯಲ್ಲಿ ಜಾರಿಗೆ ಬಂದ ತಿದ್ದುಪಡಿಯ ನಂತರ, ಸಾರ್ವಜನಿಕರ ಕಣ್ಣೆದುರು ಜಾತಿ ಹೆಸರು ಹಿಡಿದು ಬೈಯುವುದಕ್ಕೆ ಅಲ್ಲಿ ಪ್ರತ್ಯೇಕ ಉಪಕಲಮು ಇದೆ. ಉತ್ತರ ಪ್ರದೇಶದ ಪ್ರಕರಣವೊಂದರಲ್ಲಿ 2023ರಲ್ಲಿ ಸುಪ್ರೀಂ ಕೋರ್ಟ್, ಜಾತಿನಿಂದನೆಯ ಆ ಮಾತುಗಳು ಪ್ರಥಮ ವರ್ತಮಾನ ವರದಿಯಲ್ಲಿ, ಇಲ್ಲವೇ ಕೊನೆಯಪಕ್ಷ ದೋಷಾರೋಪ ಪಟ್ಟಿಯಲ್ಲಿ ಕಾಣಿಸುವುದು ಅಪೇಕ್ಷಣೀಯ ಎಂದಿತು. ಹಾಗಾಗಿ ಠಾಣೆಯ ಬೆಂಚಿನ ಮೇಲೆ ಕೂತ ದೂರುದಾರರು ‘ವಾಚಾಮಗೋಚರವಾಗಿ ಬೈದರು ಸಾರ್’ ಎಂದು ನಿಲ್ಲಿಸಿದರೆ ರೈಟರ್ ಪೆನ್ನು ಎತ್ತಿ ಹಿಡಿದು ‘ಏನಂತ ಬೈದ್ರು, ಹೇಳಿ’ ಎಂದು ಕೇಳಬೇಕಾಗುತ್ತದೆ. ಆಗ ಅದನ್ನು ಬೈಸಿಕೊಂಡವರೇ ತಮ್ಮ ಬಾಯಿಂದ ಇನ್ನೊಮ್ಮೆ ಹೇಳಬೇಕು.